ನೀಲಗಂಗವ್ವನ ರಕ್ತದ ಸಾಕ್ಷಿ

ಪರೀಕ್ಷೆಯ ಕೊಳವೆಯಲ್ಲಿ ರಕ್ತ ತಾನೇ ಮಾತಾಡತೊಡಗಿದ ಮೇಲೆ, ರಕ್ತಪರೀಕ್ಷೆಯ ಹಿಂದಿನ ದಿನ ಅದಕ್ಕೆ ಪೇಡೆ ತಿನ್ನಿಸಿ ಓಲೈಸುವುದು ಧಾರವಾಡದಲ್ಲಿ ರೂಢಿಯಾಗಿತ್ತು. ಕೀಲುವಾತದ ನೀಲಗಂಗವ್ವನೂ ತಿಂದೇ ಬಂದಿದ್ದಳು. ಕೀಲು ಉರಿಯುತ್ತಿವೆ ಎಂದು ರಕ್ತ ದೂರು ಹೇಳಿದರೆ ಡಾಕ್ಟರಮ್ಮ ಸ್ಟೆರಾಯ್ಡ್ ಹೆಚ್ಚಿಸುತ್ತಾರೆ, ಮುಖ ಪೂರಿಯಂತೆ ಉಬ್ಬುತ್ತದೆ. ಮುಂದಿನ ವಾರವೇ ತಂಗಿಯ ಮಗಳ ಮದುವೆ!

ಕೊಳವೆಗೆ ಬಿದ್ದದ್ದೇ ತಡ, ರಕ್ತ ಕಿರುಚಿತು: "ವೈರಿ ಬಂದಾನ್ರೀ, ಹೊಡೀರಿ!"

ಡಾಕ್ಟರಮ್ಮ ಕೇಳಿದರು: "ಎಲ್ಲಿ? ಕೀಲಿನ್ಯಾಗೇನು?"

"ಅಲ್ರೀ, ದವಡಿ ಹಲ್ಲಿನ್ಯಾಗ. ಕೀವು ಆಗೇತಿ. ಪೇಡೆ ಬಿಡಸ್ತಾರಂತ ಈಕಿ ಯಾರಿಗೂ ಹೇಳಿಲ್ಲ."

ಡಾಕ್ಟರಮ್ಮ ನಕ್ಕು, ಸ್ಟೆರಾಯ್ಡ್ ಇದ್ದಷ್ಟೇ ಇರಲಿ ಎಂದು ಹೇಳಿ, ಹಲ್ಲಿನ ಡಾಕ್ಟರಿಗೆ ಚೀಟಿ ಬರೆದರು. "ಮತ್ತ ಕೀಲಿನ ಸುದ್ದಿ?" ಎಂದು ರಕ್ತವನ್ನು ಕೇಳಿದರು.

"ಹಲ್ಲಿನ ಕೀವಿನ ಸಿಟ್ಟಿನ್ಯಾಗ ಕೀಲಿನ ಉರಿ ನನಗ ತಿಳಿಯಂಗಿಲ್ರಿ. ಆ್ಯಂಟಿಬಯೋಟಿಕ್ ಮುಗದು ನಾ ತಣ್ಣಗಾಗೂತನಕ ನನ್ನ ಮಾತು ನಂಬಬ್ಯಾಡ್ರಿ," ಎಂದಿತು ರಕ್ತ.

ನೀಲಗಂಗವ್ವ ಕೊಳವೆಯನ್ನು ದುರುಗುಟ್ಟಿ ನೋಡಿದಳು. "ಹಂಗಾರ ನಿನ್ನಿ ತಿಂದ ಪೇಡೆ ಹೊಳ್ಳಿ ಕೊಡು!"