ಮಂಡಿಗೆ ಹತ್ತಿದ ಮಣ್ಣು

ತರಚಿದ ಮಂಡಿಗೆ ಅರಿಶಿನ ಒತ್ತಲು ಹೋದ ಮಲಕವ್ವನ ಕೈಯನ್ನು ಮನೆ ಓನರ್ ಚಿಕ್ಕಮುನಿಯಮ್ಮ ತಟ್ಟನೆ ಹಿಡಿದುಕೊಂಡರು. "ಮಣ್ಣಿರೋ ಗಾಯಕ್ಕೆ ಅರಿಶಿನ ಆಕ್ತಾರೇನೇ? ಚಾಚು ಕಾಲು." ಮಂಡಿಯ ಕೆಳಗೆ ಸ್ಟೀಲ್ ಬೋಗುಣಿ ಇಟ್ಟು ಚೊಂಬಿನಿಂದ ನೀರು ಬಿಟ್ಟರು. ಬಾಡಿಗೆಯವರು ಒಂದು ಕೊಡ ಜಾಸ್ತಿ ಹಿಡಿದರೂ ಕೂಗಾಡುವವರು, ಇವತ್ತು ದೇವರಿಗೆ ಹಾಲೆರೆದಂತೆ ಸಣ್ಣಗೆ ಸುರಿಯುತ್ತಿದ್ದರು. ಉರಿ ತಣ್ಣಗಾಗುತ್ತ ಮಲಕವ್ವನ ಕಣ್ಣು ತಾನಾಗಿ ಮುಚ್ಚಿತು; ಹೂಡಿ ರಸ್ತೆಯ ಹಾರ್ನುಗಳೆಲ್ಲ ನೀರಿನಡಿ ಮುಳುಗಿದಂತಾಯಿತು.

"ಎಲ್ಲಿ ಬಿದ್ದೆ?"

"ಹೊಸ ಆಫೀಸಿನ ಪಾಯಾ ತೋಡಾಕತ್ತೀವಲ್ರಿ, ಆ ಬೇವಿನ ಗಿಡದ ಬುಡಕ."

ನೀರು ನಿಂತಿತು. ಬೋಗುಣಿಯ ತಳದಲ್ಲಿ ಒಂದು ಚಿಟಿಕೆ ಕೆಂಪು ಮಣ್ಣು ನಿಧಾನವಾಗಿ ಸುತ್ತುತ್ತಿತ್ತು. ಚಿಕ್ಕಮುನಿಯಮ್ಮ ಅದನ್ನೇ ನೋಡಿದರು. "ಆ ಮರ ನಮ್ಮತ್ತೆ ನೆಟ್ಟಿದ್ದು. ಅದು ನಮ್ ರಾಗಿ ಒಲ. ಮಾರಿದ್ ಮ್ಯಾಕೆ ವಾಚ್‌ಮನ್ ಒಳೀಕೇ ಬಿಡಲ್ಲ ಕಣೇ ನನ್ನ."

ನೀರು ಚೆಲ್ಲಲು ಎದ್ದ ಮಲಕವ್ವನನ್ನು ಅವರು ಕಣ್ಣಲ್ಲೇ ಕೂರಿಸಿದರು. ತಿಳಿಯಾಗುವವರೆಗೆ ಕಾದು, ನೀರು ಬಗ್ಗಿಸಿ, ಉಳಿದ ಮಣ್ಣನ್ನು ಬೆರಳಲ್ಲಿ ಬಳಿದು ಕನಕಾಂಬರದ ಕುಂಡಕ್ಕೆ ಹಾಕಿದರು.

ಮಲಕವ್ವ ಗಾಯವಾಗದ ಇನ್ನೊಂದು ಕಾಲನ್ನೂ ಮೆಲ್ಲಗೆ ಮುಂದೆ ಚಾಚಿದಳು.

"ಇದಕ್ಕೂ ಹತ್ತೈತ್ರಿ, ಅವ್ವಾ."