ಮುಖವೊಂದು ಬಾಕಿ

ಅವಳಿಗೆ ಅಚ್ಚುಮೆಚ್ಚಿನ ಹಳೆಯ ದೆವ್ವದ ಗೇಮ್ ಒಂದಿತ್ತು. ಯಾರೂ ಕೇಳದಿದ್ದರೂ ಅದನ್ನು ತನ್ನ ಕಂಪ್ಯೂಟರಿನಲ್ಲಿ ತಾನೇ ಹೊಸದಾಗಿ ಕಟ್ಟುತ್ತಿದ್ದಳು. ಉಳಿದೆಲ್ಲ ಮುಗಿದಿತ್ತು; ಅಡುಗೆಮನೆಯಿಂದ ನಡೆದು ಬರುವ ಹೆಣ್ಣುದೆವ್ವಕ್ಕೆ ಮುಖ ಬರೆಯುವುದೊಂದೇ ಬಾಕಿ.

ಮರೆವು ಹೆಚ್ಚಾಗಿದ್ದ ಅಪ್ಪ ಹಿಂದೆ ಬಂದು ನಿಂತವನು, ಪರದೆ ನೋಡಿದ್ದೇ ಅವಳ ತೋಳು ಗಟ್ಟಿಯಾಗಿ ಹಿಡಿದುಕೊಂಡ.

“ಇವಳು ನಮ್ಮನೇಲೇ ಇದಾಳೆ ಕಣಮ್ಮಾ. ದಿನಾ ನೋಡ್ತೀನಿ.”

ಮನೆಯಲ್ಲಿದ್ದವರು ಅವರಿಬ್ಬರೇ. ಅಡುಗೆಮನೆಯ ಕಡೆ ತಿರುಗಿ ನೋಡಲೂ ಧೈರ್ಯ ಬರಲಿಲ್ಲ.

“ಏನ್ ಮಾಡ್ತಾಳಪ್ಪಾ ಅವಳು?”

ಅಪ್ಪ ದನಿ ತಗ್ಗಿಸಿದ.

“ಹೊತ್ತುಹೊತ್ತಿಗೆ ತಟ್ಟೆ ಹಿಡ್ಕೊಂಡು ಬರ್ತಾಳೆ. ಎಷ್ಟು ನೋಡಿದ್ರೂ ಮುಖದ ಗುರುತು ಸಿಗಲ್ಲ. ಪಕ್ಕದಲ್ಲೇ ಕೂತು, ‘ಅಪ್ಪಾ, ಬಾಯಿ ತೆಗಿ’ ಅಂತಾಳೆ.”