ಹನ್ನೊಂದು ಸೆಕೆಂಡು, ಒಂದು ಬೀರು

"ನಿಮ್ಮ ಕೊಕ್ಕರೆಗೆ ಆಗಲೇ ಏದುಸಿರು ಬಂತು ನೋಡಿ," ಎಂದ ಬೀರುವಿನ ಕೆಳಗಿನ ತುದಿ ಹೊತ್ತಿದ್ದ ಮೈದುನ. ಲಿಫ್ಟು ಕೆಟ್ಟಿತ್ತು. ಬೀರು ನಾಲ್ಕನೆಯ ಮಹಡಿಗೆ ಹೋಗಬೇಕಿತ್ತು, ಇನ್ನೂ ಎರಡನೆಯದನ್ನು ದಾಟುತ್ತಿತ್ತು. ಭಾವನ ಅಂಗಿ ಜೇಬಿನೊಳಗಿನ ಫೋನಿನಲ್ಲಿ ಸೈಕಲ್ ರೇಸಿನ ವೀಕ್ಷಕ ವಿವರಣೆ ಗಂಟಲು ಹರಿಯುವ ಹಾಗೆ ಬರುತ್ತಿತ್ತು. ಬೆಟ್ಟದ ತುದಿಗೆ ಇನ್ನು ಎರಡೇ ಕಿಲೋಮೀಟರು.

"ಕೊಕ್ಕರೆ ಎದೆ ಕೊಟ್ಟು ಗಾಳಿ ಸೀಳ್ಕೊಂಡು ಹೋಗ್ತಿದೆ. ನಿನ್ನ ಗೂಳಿ ಅದರ ಹಿಂದಿನ ಚಕ್ರಕ್ಕೆ ಅಂಟ್ಕೊಂಡು ಆರಾಮಾಗಿ ಬರ್ತಿದೆ. ನಾಚಿಕೆ ಅನ್ನೋದೇ ಇಲ್ಲ ಅದಕ್ಕೆ."

"ಅದಕ್ಕೆ ತಲೆ ಓಡಿಸೋದು ಅಂತಾರೆ ಭಾವ. ಗಾಳಿ ತಿನ್ನೋನು ಒಬ್ಬ, ಗೆಲ್ಲೋನು ಇನ್ನೊಬ್ಬ."

ಕೊಕ್ಕರೆ ಎಂದರೆ ಹಳದಿ ಅಂಗಿ ತೊಟ್ಟ ಉದ್ದ ಕಾಲಿನ ಸವಾರ, ಗೂಳಿ ಎಂದರೆ ಕತ್ತೇ ಇಲ್ಲದ ಅವನ ವೈರಿ. ಹೆಸರಿಟ್ಟವರು ಇವರಿಬ್ಬರೇ. ಮನೆ ಸಾಮಾನು ಸಾಗಿಸುವ ಈ ಭಾವ-ಮೈದುನರಿಗೆ ಕೆಲಸದಲ್ಲಿ ಒಂದು ಕಟ್ಟಳೆ ಇತ್ತು. ಮೆಟ್ಟಿಲ ಮೇಲೆ ಭಾರವೆಲ್ಲ ಬೀಳುವುದು ಕೆಳಗಿನವನ ಮೇಲೆ, ಹಾಗಾಗಿ ಪ್ರತಿ ಮಹಡಿಗೂ ಜಾಗ ಅದಲುಬದಲು. ಎಷ್ಟು ಸಲ ಬದಲಾದೆವು ಎಂಬುದೇ ಅವರ ಮಹಡಿ ಲೆಕ್ಕ. ರೇಸು ಹಲವು ದಿನಗಳದು, ಎಲ್ಲ ದಿನಗಳ ಸಮಯ ಕೂಡಿಸಿ ಕಡಿಮೆ ಬಂದವನು ಗೆದ್ದಂತೆ. ಕಳೆದ ವಾರ ಆ ಲೆಕ್ಕದಲ್ಲಿ ಕೊಕ್ಕರೆ ಎರಡು ನಿಮಿಷ ಮುಂದಿದ್ದಾಗ, ಭಾವ ಜಂಬದಲ್ಲಿ ಈ ಕಟ್ಟಳೆಯನ್ನೇ ಪಣಕ್ಕಿಟ್ಟುಬಿಟ್ಟಿದ್ದ. ಯಾರ ಸವಾರ ಸೋಲುತ್ತಾನೋ ಅವನಿಗೆ ಮುಂದಿನ ವರ್ಷದ ರೇಸಿನ ತನಕ ಕೆಳಗಿನ ತುದಿಯೇ ಗತಿ. ಇವತ್ತು ಕೊನೆಯ ದಿನ, ಕೊನೆಯ ಬೆಟ್ಟ, ಆ ಎರಡು ನಿಮಿಷ ಕರಗಿ ಹನ್ನೊಂದು ಸೆಕೆಂಡಿಗೆ ಬಂದು ನಿಂತಿತ್ತು. ಭಾವನಿಗೆ ಐವತ್ತಮೂರು ವರ್ಷ. ಪಣ ಕಟ್ಟಿದ ಮೂರನೆಯ ದಿನವೇ ಬಲಗಾಲಿನ ಮಂಡಿ ಹಿಡಿದುಕೊಂಡಿತ್ತು. ಪ್ಯಾಂಟಿನೊಳಗೆ ಪಟ್ಟಿ ಸುತ್ತಿಕೊಂಡು ಕೆಲಸಕ್ಕೆ ಬರುವುದು ಹೆಂಡತಿಗೂ ಗೊತ್ತಿರಲಿಲ್ಲ, ಇನ್ನು ಅವಳ ತಮ್ಮನಿಗೆ ಹೇಳುವುದುಂಟೆ.

ಮೂರನೆಯ ಮಹಡಿಯಲ್ಲಿ ಜಾಗ ಬದಲಾಯಿತು. ಭಾವ ಕೆಳಕ್ಕೆ ಬಂದ. ಅದೇ ಹೊತ್ತಿಗೆ ಗೂಳಿ ಹಿಂದಿನಿಂದ ಚಂಗನೆ ಹಾರಿ ಮುಂದಕ್ಕೆ ಹೋಯಿತು.

"ಹೋಯ್ತು, ಹೋಯ್ತು," ಎನ್ನುತ್ತ ಮೈದುನ ಹಿಮ್ಮುಖವಾಗಿಯೇ ಮೆಟ್ಟಿಲು ಓಡತೊಡಗಿದ.

"ಬಿಡಬೇಡ, ಹಿಡ್ಕೋ ಅವನನ್ನ," ಎಂದು ಭಾವ ಜೇಬಿನೊಳಗಿನ ಕೊಕ್ಕರೆಗೆ ಹೇಳುತ್ತ ಬೀರುವನ್ನು ಕೆಳಗಿನಿಂದ ನೂಕಿದ. ಬೀರು ಜೀವಮಾನದಲ್ಲಿ ಅಂಥ ವೇಗ ಕಂಡಿರಲಿಲ್ಲ. ನಾಲ್ಕನೆಯ ಮಹಡಿಯಲ್ಲಿ ಬೀರುವಿನ ಒಡತಿ, ನಿವೃತ್ತ ಲೆಕ್ಕದ ಟೀಚರು, ಬಾಗಿಲು ತೆರೆದು ಎರಡು ಲೋಟ ನೀರು ಹಿಡಿದು ನಿಂತಿದ್ದರು.

"ಇಲ್ಲೇ, ಒಳಗೆ ಬನ್ನಿ," ಎಂದರು.

"ದಾರಿ ಬಿಡಿ ಮೇಡಂ," ಎಂದ ಮೈದುನ. ಬೀರು ಅವರ ಮೂಗಿನ ಮುಂದೆಯೇ ಹಾದು ಮೇಲಕ್ಕೆ ಹೋಯಿತು.

ಐದನೆಯ ಮಹಡಿಯೂ ಹಿಂದಾಯಿತು. ಗೂಳಿ ಗೆರೆ ದಾಟಿತು. ಇನ್ನು ಹನ್ನೊಂದು ಸೆಕೆಂಡಿನೊಳಗೆ ಕೊಕ್ಕರೆ ಬಂದರೆ ಭಾವನ ಮಂಡಿ ಬಚಾವು. ವಿವರಣೆಗಾರ ಒಂದೊಂದೇ ಸೆಕೆಂಡು ಎಣಿಸತೊಡಗಿದ, ಇವರೂ ಮೆಟ್ಟಿಲಿಗೊಂದರಂತೆ ಎಣಿಸಿದರು. ಎಂಟು. ಒಂಬತ್ತು. "ಬಾರೋ ನನ್ನಪ್ಪ," ಎಂದ ಭಾವ. ಹತ್ತು. ಹನ್ನೊಂದು. ಹನ್ನೆರಡನೆಯ ಮೆಟ್ಟಿಲಿಗೆ ಮೈದುನನ ಬೆನ್ನು ಯಾವುದೋ ಬಾಗಿಲಿಗೆ ಬಡಿದು ಅದು ತೆರೆದುಕೊಂಡಿತು. ಆಗ ಬಂತು ಕೊಕ್ಕರೆ.

"ಒಂದು ಸೆಕೆಂಡು ಭಾವ, ಒಂದೇ ಒಂದು ಸೆಕೆಂಡು." ಮೈದುನ ಕೈಗೆ ಸಿಕ್ಕಿದ ಬೆಡ್‌ಶೀಟನ್ನು ಹೆಗಲಿಗೆ ಹೊದ್ದು ಕುಣಿದ. ಕುಣಿಯುತ್ತ ಕುಣಿಯುತ್ತ ನಿಂತ. "ಇದೇನು, ಮನೆ ಪೂರ್ತಿ ಬಟ್ಟೆ ಒಣಗಿಸಿದ್ದಾರೆ?"

"ಮನೆಯಲ್ಲ, ತಾರಸಿ," ಎಂದ ಭಾವ, ಬೀರುವಿಗೆ ಒರಗಿ ಕೂತು.

"ನಾಲ್ಕರ ತನಕ ಎಣಿಸೋಕೆ ಬರಲ್ವೇನ್ರಪ್ಪಾ?" ಎಂದು ಟೀಚರ ದನಿ ಮೆಟ್ಟಿಲ ಬುಡದಿಂದ ಕೇಳಿಸಿತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಸೋತ ಸಂಕಟದಲ್ಲೂ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ.

ಮೊದಲು ನಗು ನಿಂತದ್ದು ಮೈದುನನಿಗೆ. ಅವನು ಬೆರಳು ಮಡಿಸುತ್ತಿದ್ದ. "ಭಾವ, ಮೂರನೇ ಮಹಡಿ ಆದಮೇಲೆ ನಾವು ಬದಲೇ ಆಗಲಿಲ್ಲ. ಇಲ್ಲೀವರೆಗೂ ಕೆಳಗೆ ನೀವೇ ಇದ್ರಿ."

"ಇದ್ದೆ. ಇನ್ನೊಂದು ವರ್ಷ ಅಲ್ಲೇ ತಾನೆ ನನ್ನ ಜಾಗ. ಮಾತು ಅಂದ್ರೆ ಮಾತು." ಭಾವ ಬೀರುವನ್ನು ಹಿಡಿದು ಎದ್ದ. ಸಡಿಲಾದ ಪಟ್ಟಿ ಪ್ಯಾಂಟಿನ ಕೆಳಗೆ ಗೇಣುದ್ದ ಜೋತುಬಿತ್ತು. ಅವನು ಕಾಲು ಹಿಂದಕ್ಕೆ ಎಳೆದುಕೊಂಡ, ಆದರೆ ಮೈದುನ ನೋಡಿಯಾಗಿತ್ತು. ಅವನು ಹೆಗಲ ಮೇಲಿನ ಬೆಡ್‌ಶೀಟು ತೆಗೆದು ತಂತಿಗೆ ಎಸೆದ. ಸರಸರನೆ ಎರಡು ಮೆಟ್ಟಿಲು ಇಳಿದು ಕೆಳಗಿನ ತುದಿಗೆ ಹೆಗಲು ಕೊಟ್ಟ.

"ಪಣ ಕಟ್ಟಿದ್ದು ಹತ್ತೋದಕ್ಕೆ, ಇಳಿಯೋದಕ್ಕಲ್ಲ," ಎಂದ.

"ಹಾಗಂತ ಯಾವಾಗ ಮಾತಾಯ್ತು?"

"ಈಗ. ಮುಂದಿನ ರೇಸಿನ ತನಕ ಎಲ್ಲಾ ಇಳಿಯೋದೇ ಅಂದ್ಕೊಳ್ಳಿ. ಗಾಳಿ ನಾನು ತಿಂತೀನಿ, ನೀವು ಗೂಳಿ ಥರ ಹಿಂದೆ ಅಂಟ್ಕೊಂಡು ಬನ್ನಿ."

ಭಾವ ಮೂಗು ಒರೆಸಿಕೊಂಡು ಮೇಲಿನ ತುದಿ ಹಿಡಿದ.

ನಾಲ್ಕನೆಯ ಮಹಡಿಯಲ್ಲಿ ಟೀಚರು ಈ ಸಲ ಕೆಳಗಿಳಿಯುವ ಮೆಟ್ಟಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಅಷ್ಟು ಕೂಗಾಡಿದ್ರಲ್ಲ, ಗೆದ್ದಿದ್ದು ಯಾರು?" ಎಂದರು.

ಬೀರುವಿನಡಿ ಮೈದುನನ ಮುಖ ಕೆಂಪೇರಿತ್ತು, ಉಸಿರು ಹೊರಡುತ್ತಿರಲಿಲ್ಲ. ಮೇಲಿನಿಂದ ಭಾವನೇ ಹೇಳಿದ: "ಭಾರ ಹೊತ್ತಿದ್ದಾನಲ್ಲ ಮೇಡಂ, ಅವನು."